ಪಾರ್ಶ್ವವಾಯು: ರಕ್ತ ಪರೀಕ್ಷೆ ಹೇಳುವುದೇನು, ಹೇಳದಿರುವುದೇನು?

ಯಾವ ಕಾಯಿಲೆ ಕಾಣಿಸಿಕೊಂಡರೂ 'ಮೊದಲು ರಕ್ತ ತಪಾಸಣೆ ಮಾಡಿಸೋಣ' ಎನ್ನುವುದು ಇಂದು ನಮ್ಮ ಹಳ್ಳಿಗಳಲ್ಲಿಯೂ ರೂಢಿಯಾಗಿದೆ. ಜ್ವರ, ಕಾಮಾಲೆ, ಸಕ್ಕರೆ ಕಾಯಿಲೆ, ರಕ್ತಹೀನತೆ ಮೊದಲಾದವುಗಳಲ್ಲಿ ಈ ರೂಢಿ ಒಳ್ಳೆಯದೇ. ಆದರೆ ಪಾರ್ಶ್ವವಾಯು, ಅಂದರೆ ನಮ್ಮ ಭಾಗದ ಜನ ಲಕ್ವ ಎಂದು ಕರೆಯುವ ಕಾಯಿಲೆಯಲ್ಲಿ, ಇದೇ ರೂಢಿ ಅಪಾಯಕ್ಕೆ ದಾರಿಯಾಗಬಲ್ಲದು. ಬೆಳಗಿನ ಜಾವ ಕೈಕಾಲು ಸೋತ ಹಿರಿಯರನ್ನು ಹತ್ತಿರದ ಲ್ಯಾಬಿಗೆ ಕರೆದೊಯ್ದು, ರಕ್ತ ಕೊಡಿಸಿ, ಸಂಜೆ ವರದಿ ಬಂದ ಮೇಲೆ ಮುಂದಿನ ವಿಚಾರ ಮಾಡೋಣವೆಂದು ಕುಳಿತರೆ, ಆ ಸಂಜೆಯ ಹೊತ್ತಿಗೆ ಉಳಿಸಬಹುದಾಗಿದ್ದ ಮೆದುಳಿನ ಭಾಗ ಶಾಶ್ವತವಾಗಿ ನಾಶವಾಗಿರುತ್ತದೆ.

ಇದಕ್ಕೆ ವಿರುದ್ಧವಾದ ಇನ್ನೊಂದು ತಪ್ಪೂ ಉಂಟು. ರೋಗಿ ಮನೆಗೆ ಮರಳುತ್ತಾರೆ. ಸೋತಿದ್ದ ಕೈ ಸ್ವಲ್ಪ ಮೇಲೇಳುತ್ತದೆ. 'ಗುಣವಾಯಿತು' ಎಂದು ಮಾತ್ರೆಗಳು ನಿಲ್ಲುತ್ತವೆ, ವೈದ್ಯರು ಹೇಳಿದ ರಕ್ತ ಪರೀಕ್ಷೆಗಳು ಮುಂದಕ್ಕೆ ಹೋಗುತ್ತವೆ. ಹೀಗಿರುವಾಗ ಎರಡನೆಯ ಆಘಾತ ಬಂದರೆ ಅದು ಅನೇಕ ವೇಳೆ ಮೊದಲನೆಯದಕ್ಕಿಂತ ಕ್ರೂರವಾಗಿರುತ್ತದೆ. ಆದುದರಿಂದ ಲಕ್ವದ ವಿಷಯದಲ್ಲಿ ರಕ್ತ ಪರೀಕ್ಷೆಯ ಸ್ಥಾನವನ್ನು ಸರಿಯಾಗಿ ಅರಿಯುವುದು ಅವಶ್ಯ. ಮೊದಲ ಗಂಟೆಗಳಲ್ಲಿ ರಕ್ತದ ವರದಿಗಾಗಿ ಕಾಯಬಾರದು. ಆ ಗಂಟೆಗಳು ಕಳೆದ ಮೇಲೆ ರಕ್ತದ ಮಾತನ್ನು ಕಡೆಗಣಿಸಬಾರದು. ಈ ಲೇಖನದ ತಿರುಳು ಇಷ್ಟೇ. ಅದರ ಕಾರಣಗಳನ್ನು ಒಂದೊಂದಾಗಿ ನೋಡೋಣ.

ಲಕ್ವ ಎಂದರೇನು?

ಮೆದುಳಿಗೆ ಹರಿಯುವ ರಕ್ತದಲ್ಲಿ ಹಠಾತ್ತನೆ ಉಂಟಾಗುವ ವ್ಯತ್ಯಯವೇ ಲಕ್ವ. ಇದರಲ್ಲಿ ಎರಡು ಬಗೆ. ಒಂದು, ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವು ಸಿಕ್ಕಿಕೊಂಡು ಮುಂದಿನ ಭಾಗಕ್ಕೆ ರಕ್ತ ಹರಿಯದಂತಾಗುವುದು. ಇನ್ನೊಂದು, ರಕ್ತನಾಳ ಒಡೆದು ಮೆದುಳಿನೊಳಗೆ ರಕ್ತಸ್ರಾವವಾಗುವುದು. ಬಹುಪಾಲು ರೋಗಿಗಳಲ್ಲಿ ಕಾಣುವುದು ಮೊದಲನೆಯ ಬಗೆ. ನಾಳ ಕಟ್ಟಿಕೊಂಡರೂ, ಒಡೆದರೂ ಹೊರಗೆ ಕಾಣುವ ಲಕ್ಷಣಗಳು ಹೆಚ್ಚುಕಡಿಮೆ ಒಂದೇ: ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು ಅಥವಾ ನಿಲ್ಲುವುದು. ಆದರೆ ಚಿಕಿತ್ಸೆ ಮಾತ್ರ ಒಂದಕ್ಕೊಂದು ವಿರುದ್ಧ. ಮೊದಲನೆಯದರಲ್ಲಿ ಹೆಪ್ಪನ್ನು ಕರಗಿಸಬೇಕು. ಎರಡನೆಯದರಲ್ಲಿ ಹೆಪ್ಪು ಕರಗಿಸುವ ಔಷಧವೇ ಪ್ರಾಣಕ್ಕೆ ಎರವಾಗಬಹುದು.

ಮೆದುಳಿನ ದೊಡ್ಡ ಧಮನಿಯೊಂದು ಕಟ್ಟಿಕೊಂಡಾಗ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು ಅಮೆರಿಕದ ನರವೈದ್ಯ ಜೆಫ್ರಿ ಸೇವರ್ ಅವರು 2006ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ಗಂಟೆಗಳ ಒಳಗೆ ಕೊಡಬೇಕು. ಆ ಅವಧಿಯೊಳಗೂ ಬೇಗ ಕೊಟ್ಟಷ್ಟು ಲಾಭ ಹೆಚ್ಚು. ದೊಡ್ಡ ಧಮನಿಯ ಹೆಪ್ಪನ್ನು ನಳಿಕೆಯ ಮೂಲಕ ಹೊರಗೆಳೆಯುವ ಚಿಕಿತ್ಸೆಯನ್ನು, ಆಯ್ದ ಕೆಲವು ರೋಗಿಗಳಲ್ಲಿ, 24 ಗಂಟೆಗಳವರೆಗೂ ಮಾಡಬಹುದೆಂದು 2018ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿವೆ. ಆದರೆ ಈ ಸೌಲಭ್ಯ ಇರುವುದು ದೊಡ್ಡ ನಗರಗಳ ಕೆಲವೇ ಆಸ್ಪತ್ರೆಗಳಲ್ಲಿ.

ಮೊದಲ ಗಂಟೆಗಳಲ್ಲಿ ಬೇಕಾದ ಒಂದೇ ರಕ್ತ ಪರೀಕ್ಷೆ

ನಾಳ ಕಟ್ಟಿದೆಯೋ ಒಡೆದಿದೆಯೋ ಎಂಬುದನ್ನು ಇಂದು ನಿಶ್ಚಯವಾಗಿ ಹೇಳಬಲ್ಲುದು ತಲೆಯ ಸಿ.ಟಿ. ಸ್ಕ್ಯಾನ್ ಅಥವಾ ಎಂ.ಆರ್.ಐ. ಮಾತ್ರ. ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವ ಮುನ್ನ ಎಲ್ಲ ರೋಗಿಗಳಿಗೂ ಕಡ್ಡಾಯವಾಗಿ ಮಾಡಲೇಬೇಕಾದ ರಕ್ತ ಪರೀಕ್ಷೆ ಒಂದೇ: ಬೆರಳ ತುದಿಯಿಂದ ತೆಗೆದ ಹನಿಯಲ್ಲಿ ಸಕ್ಕರೆಯ ಪ್ರಮಾಣ ನೋಡುವುದು. ರಕ್ತದಲ್ಲಿ ಸಕ್ಕರೆ ತೀರ ಇಳಿದಾಗಲೂ ಲಕ್ವದಂತೆಯೇ ಕೈಕಾಲು ಸೋತು ಮಾತು ತೊದಲಬಹುದು. ಗ್ಲೂಕೋಸ್ ಕೊಟ್ಟರೆ ಅಂಥವರು ಚೇತರಿಸಿಕೊಳ್ಳುತ್ತಾರೆ. ರಕ್ತ ತೆಳುವಾಗಿಸುವ ಔಷಧ ಸೇವಿಸುತ್ತಿರುವವರಲ್ಲಿ ಮತ್ತು ರಕ್ತಸ್ರಾವದ ತೊಂದರೆಯ ಶಂಕೆ ಇರುವವರಲ್ಲಿ ಮಾತ್ರ ಹೆಪ್ಪುಗಟ್ಟುವಿಕೆಯ ಪರೀಕ್ಷೆಯ ಫಲಿತಾಂಶಕ್ಕಾಗಿ ಕಾಯಬೇಕಾಗುತ್ತದೆ. ಉಳಿದ ಪರೀಕ್ಷೆಗಳಿಗೆ ರಕ್ತವನ್ನು ತೆಗೆದಿಟ್ಟುಕೊಳ್ಳುತ್ತಾರೆ. ಚಿಕಿತ್ಸೆಯನ್ನು ಅವುಗಳಿಗಾಗಿ ತಡೆಯುವುದಿಲ್ಲ.

ಒಂದು ಹನಿ ರಕ್ತದಿಂದಲೇ ಎರಡು ಬಗೆಯ ಲಕ್ವವನ್ನು ಬೇರ್ಪಡಿಸಲು ಸಾಧ್ಯವಾದರೆ ಸಿ.ಟಿ. ಇಲ್ಲದ ಊರುಗಳಿಗೆ ಎಷ್ಟು ಉಪಕಾರವಾದೀತು! ವಿಜ್ಞಾನಿಗಳು ಅದೇ ಹುಡುಕಾಟದಲ್ಲಿದ್ದಾರೆ. ಜಿ.ಎಫ್.ಎ.ಪಿ. ಎಂಬ ಪ್ರೋಟೀನು ನರಕೋಶಗಳಿಗೆ ಆಸರೆಯಾದ ಕೋಶಗಳ ಒಳಗಿರುತ್ತದೆ. ರಕ್ತಸ್ರಾವವಾದಾಗ ಆ ಕೋಶಗಳು ಒಮ್ಮೆಲೇ ಹರಿದುಹೋಗುವುದರಿಂದ ಪ್ರೋಟೀನು ಬಹುಬೇಗ ರಕ್ತಕ್ಕೆ ಸೇರುತ್ತದೆ. ನಾಳ ಕಟ್ಟಿಕೊಂಡಾಗ ಕೋಶಗಳು ನಿಧಾನವಾಗಿ ಸಾಯುವುದರಿಂದ ಅದರ ಏರಿಕೆಯೂ ತಡವಾಗುತ್ತದೆ. ಜರ್ಮನಿ, ಫಿನ್ಲೆಂಡ್ ಮೊದಲಾದ ದೇಶಗಳಲ್ಲಿ ಈ ಬಗ್ಗೆ ಅಧ್ಯಯನಗಳು ನಡೆದಿವೆ. ಆದರೆ ಚಿಕ್ಕ ರಕ್ತಸ್ರಾವಗಳಲ್ಲಿ ಈ ಸೂಚಕ ತಪ್ಪಿಹೋಗಬಹುದು. ಇದರ ಮೇಲೊಂದನ್ನೇ ನಂಬಿ ಹೆಪ್ಪು ಕರಗಿಸುವ ಔಷಧ ಕೊಡುವ ಹಂತಕ್ಕೆ ವೈದ್ಯಶಾಸ್ತ್ರ ಇನ್ನೂ ಬಂದಿಲ್ಲ.

ರಕ್ತ ಮಾತನಾಡುವುದು ಯಾವಾಗ?

ತುರ್ತು ಚಿಕಿತ್ಸೆ ಮುಗಿದ ಮೇಲೆ ವೈದ್ಯರ ಮುಂದಿರುವ ಪ್ರಶ್ನೆ ಬೇರೆ: ಈ ಹೆಪ್ಪು ಎಲ್ಲಿಂದ ಬಂತು? ಉತ್ತರ ದೊರೆತರೆ ಮಾತ್ರ ಎರಡನೆಯ ಆಘಾತವನ್ನು ತಡೆಯುವ ಔಷಧ ನಿಶ್ಚಯವಾಗುತ್ತದೆ. ನಾಳ ಕಟ್ಟಿಕೊಂಡು ಬರುವ ಲಕ್ವವನ್ನು ಕಾರಣಕ್ಕನುಗುಣವಾಗಿ ಐದಾಗಿ ವಿಂಗಡಿಸುವ 'ಟೋಸ್ಟ್' ಎಂಬ ಪದ್ಧತಿ 1993ರಲ್ಲಿ ಪ್ರಕಟವಾಯಿತು. ಇಂದಿಗೂ ಅದು ಬಳಕೆಯಲ್ಲಿದೆ. ದೊಡ್ಡ ಧಮನಿಯ ಕೊಬ್ಬಿನಿಂದ ಬಂದದ್ದು, ಹೃದಯದಿಂದ ಬಂದದ್ದು, ಸಣ್ಣ ನಾಳಗಳು ಮುಚ್ಚಿ ಬಂದದ್ದು, ಇತರ ಗೊತ್ತಾದ ಕಾರಣಗಳಿಂದ ಬಂದದ್ದು, ಕಾರಣ ತಿಳಿಯದೇ ಉಳಿದದ್ದು ಎಂಬುವೇ ಆ ಐದು.

ಮೊದಲ ಮೂರನ್ನು ತಿಳಿಯಲು ಗಂಗಾವತಿ ಭಾಗದ ರೈತರಿಗೆ ತುಂಗಭದ್ರಾ ಎಡದಂಡೆ ಕಾಲುವೆಯೇ ಸಾಕು. ಮುನಿರಾಬಾದಿನ ಜಲಾಶಯದಿಂದ ಹೊರಟ ನೀರು ಮುಖ್ಯ ಕಾಲುವೆ, ಉಪಕಾಲುವೆ, ಹೊಲಗಾಲುವೆಗಳ ಮೂಲಕ ಭತ್ತದ ಗದ್ದೆಯನ್ನು ಸೇರುತ್ತದೆ. ಗದ್ದೆ ಒಣಗಿದರೆ ಕಾರಣ ಮೂರು ಕಡೆ ಇರಬಹುದು. ಮುಖ್ಯ ಕಾಲುವೆಯಲ್ಲಿ ಹೂಳು ತುಂಬಿರಬಹುದು. ಇದು ಕತ್ತಿನ ದೊಡ್ಡ ಧಮನಿಯಲ್ಲಿ ಕೊಬ್ಬು ಕಟ್ಟಿದಂತೆ. ಜಲಾಶಯದ ಕಡೆಯಿಂದಲೇ ಕಸಕಡ್ಡಿ ತೇಲಿಬಂದು ತೂಬಿಗೆ ಸಿಕ್ಕಿಕೊಂಡಿರಬಹುದು. ಇದು ಹೃದಯದಲ್ಲಿ ಹುಟ್ಟಿದ ಹೆಪ್ಪು ಮೆದುಳಿಗೆ ಬಂದಂತೆ. ಗದ್ದೆಯ ಅಂಚಿನ ಹೊಲಗಾಲುವೆಯೇ ಕುಸಿದು ಕಿರಿದಾಗಿರಬಹುದು. ಇದು ಮೆದುಳಿನ ಒಳಗಿನ ಸಣ್ಣ ನಾಳಗಳ ಕಾಯಿಲೆಯಂತೆ. ಎಲ್ಲಿ ತಡೆಯಾಗಿದೆ ಎಂಬುದನ್ನು ಅರಿಯದೆ ಸಲಿಕೆ ಹಿಡಿದರೆ ಶ್ರಮ ವ್ಯರ್ಥ. ರಕ್ತದಲ್ಲಿರುವ ಕೆಲವು ವಸ್ತುಗಳ ಪ್ರಮಾಣವು ಈ ತಡೆಯ ಮೂಲದತ್ತ ಬೆರಳು ತೋರಿಸುತ್ತದೆ. ಅವನ್ನೇ ರಕ್ತಸೂಚಕಗಳು ಎನ್ನುತ್ತಾರೆ.

ಹೃದಯದಿಂದ ಬಂದ ಹೆಪ್ಪು

ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವ ಏಟ್ರಿಯಲ್ ಫಿಬ್ರಿಲೇಶನ್ ಎಂಬ ಸ್ಥಿತಿಯಲ್ಲಿ ರಕ್ತ ಅಲ್ಲಿಯೇ ನಿಂತು ಹೆಪ್ಪುಗಟ್ಟುತ್ತದೆ. ಬಾಲ್ಯದಲ್ಲಿ ಗಂಟಲು ನೋವಿನ ಬೆನ್ನಿಗೆ ಬಂದ ರುಮ್ಯಾಟಿಕ್ ಜ್ವರವು ಹೃದಯದ ಕವಾಟವನ್ನು ಕೆಡಿಸಿದ್ದರೆ, ಯೌವನದಲ್ಲಿಯೇ ಲಕ್ವ ಬರಬಹುದು. ಹೃದಯದ ಗೋಡೆಯ ಮೇಲೆ ಒತ್ತಡ ಹೆಚ್ಚಾದಾಗ ಬಿ.ಎನ್.ಪಿ. ಮತ್ತು ಎನ್‌ಟಿ-ಪ್ರೊ ಬಿ.ಎನ್.ಪಿ. ಎಂಬ ವಸ್ತುಗಳು ರಕ್ತದಲ್ಲಿ ಏರುತ್ತವೆ. ಹೆಪ್ಪು ಕರಗುವಾಗ ಉಳಿಯುವ ಚೂರುಗಳಾದ ಡಿ-ಡೈಮರ್ ಕೂಡ ಈ ಬಗೆಯ ರೋಗಿಗಳಲ್ಲಿ ಉಳಿದವರಿಗಿಂತ ಹೆಚ್ಚಾಗಿರುವುದು ಅನೇಕ ಅಧ್ಯಯನಗಳಲ್ಲಿ ಕಂಡಿದೆ. ಇವು ಹೆಚ್ಚಾಗಿದ್ದರೆ ವೈದ್ಯರು ಇ.ಸಿ.ಜಿ.ಯನ್ನು ಮತ್ತೆ ಮತ್ತೆ, ಕೆಲವೊಮ್ಮೆ ದಿನಗಟ್ಟಲೆ, ತೆಗೆದು ನೋಡುತ್ತಾರೆ. ಎಕೋ ಪರೀಕ್ಷೆ ಮಾಡಿಸುತ್ತಾರೆ.

ಆದರೆ ಸೂಚಕ ಏರಿದೆ ಎಂದಮಾತ್ರಕ್ಕೆ ಔಷಧ ಬದಲಿಸಬಹುದೇ? ಇದನ್ನೇ ಪರೀಕ್ಷಿಸಿದ 'ಆರ್ಕೇಡಿಯಾ' ಎಂಬ ಅಧ್ಯಯನದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಲಕ್ವದ ಕಾರಣ ತಿಳಿಯದೇ ಉಳಿದು, ಎನ್‌ಟಿ-ಪ್ರೊ ಬಿ.ಎನ್.ಪಿ. ಏರಿಕೆಯಂತಹ ಹೃದಯದ ಸುಳಿವುಗಳಿದ್ದ ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಅರ್ಧ ಜನರಿಗೆ ಆಸ್ಪಿರಿನ್, ಉಳಿದರ್ಧ ಜನರಿಗೆ ಅದಕ್ಕಿಂತ ಪ್ರಬಲವಾದ ಅಪಿಕ್ಸಬಾನ್ ಕೊಡಲಾಯಿತು. ಎರಡನೆಯ ಲಕ್ವದ ಪ್ರಮಾಣ ಎರಡು ಗುಂಪುಗಳಲ್ಲಿಯೂ ಸಮನಾಗಿತ್ತು. ರಕ್ತಸೂಚಕವು ದಾರಿ ತೋರಿಸುವ ಕೈಮರ. ಅದೇ ಊರಲ್ಲ ಎಂಬ ವಿವೇಕ ಇದರಿಂದ ದೊರೆಯಿತು. ಲಯ ತಪ್ಪಿರುವುದು ಇ.ಸಿ.ಜಿ.ಯಲ್ಲಿ ಸಾಬೀತಾದರೆ ಮಾತ್ರ ರಕ್ತ ತೆಳುವಾಗಿಸುವ ಔಷಧದ ಪ್ರಯೋಜನ ನಿಸ್ಸಂದೇಹ.

ಕವಾಟದ ಕಾಯಿಲೆ ಇರುವವರಿಗೆ ಇನ್ನೊಂದು ಮಾತು. ರುಮ್ಯಾಟಿಕ್ ಹೃದ್ರೋಗದೊಂದಿಗೆ ಲಯ ತಪ್ಪಿದವರಲ್ಲಿ ಹೊಸ ಔಷಧಕ್ಕಿಂತ ವಾರ್ಫರಿನ್ ಬಗೆಯ ಹಳೆಯ ಔಷಧವೇ ಮೇಲೆಂದು, ಭಾರತದ ರೋಗಿಗಳೂ ಸೇರಿದಂತೆ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ 'ಇನ್ವಿಕ್ಟಸ್' ಅಧ್ಯಯನ 2022ರಲ್ಲಿ ತಿಳಿಸಿತು. ವಾರ್ಫರಿನ್, ಅಸಿನೋಕೌಮರಾಲ್ ಮಾತ್ರೆ ನುಂಗುವವರು ಐ.ಎನ್.ಆರ್. ಎಂಬ ರಕ್ತ ಪರೀಕ್ಷೆಯನ್ನು ತಪ್ಪದೇ ಮಾಡಿಸುತ್ತಿರಬೇಕು. ಸಾಮಾನ್ಯವಾಗಿ ಅದು 2 ಮತ್ತು 3ರ ನಡುವೆ ಇರಬೇಕು. ಕಡಿಮೆಯಾದರೆ ಹೆಪ್ಪುಗಟ್ಟುತ್ತದೆ, ಹೆಚ್ಚಾದರೆ ರಕ್ತಸ್ರಾವವಾಗುತ್ತದೆ. ದೂರದ ಹಳ್ಳಿಯಿಂದ ಪಟ್ಟಣಕ್ಕೆ ಬರುವ ತೊಂದರೆಗೆ ಅಂಜಿ ತಿಂಗಳುಗಟ್ಟಲೆ ಪರೀಕ್ಷೆ ತಪ್ಪಿಸುವುದು, ಕಣ್ಣು ಕಟ್ಟಿಕೊಂಡು ಬಾವಿಯ ದಂಡೆಯ ಮೇಲೆ ನಡೆದಂತೆ. ಸಂತೆಗೆ ಬರುವ ದಿನವನ್ನೇ ಪರೀಕ್ಷೆಯ ದಿನವನ್ನಾಗಿ ಮಾಡಿಕೊಂಡರೆ ಮರೆವಾಗದು.

ದೊಡ್ಡ ಧಮನಿ, ಸಣ್ಣ ನಾಳ

ಕತ್ತಿನ ಅಥವಾ ತಲೆಯ ದೊಡ್ಡ ಧಮನಿಗಳಲ್ಲಿ ಕೊಬ್ಬು ಕಟ್ಟಿ ಲಕ್ವ ಬಂದವರಲ್ಲಿ ಮುಖ್ಯವಾದ ಸೂಚಕ ಎಲ್.ಡಿ.ಎಲ್. ಕೊಲೆಸ್ಟೆರಾಲ್. ಇಂಥ ರೋಗಿಗಳಲ್ಲಿ ಅದನ್ನು 70 ಮಿಲಿಗ್ರಾಂಗಿಂತ ಕೆಳಗಿಳಿಸಿದವರಿಗೆ, 90ರಿಂದ 110ರ ನಡುವೆ ಇಟ್ಟವರಿಗಿಂತ ಮುಂದಿನ ಆಘಾತಗಳು ಕಡಿಮೆಯೆಂದು ಫ್ರಾನ್ಸ್ ಮತ್ತು ದಕ್ಷಿಣ ಕೊರಿಯಾದಲ್ಲಿ ನಡೆದ ಅಧ್ಯಯನವೊಂದು 2020ರಲ್ಲಿ ತೋರಿಸಿತು. 'ಕೊಲೆಸ್ಟೆರಾಲ್ ನಾರ್ಮಲ್ ಬಂದಿದೆ' ಎಂದು ಸ್ಟ್ಯಾಟಿನ್ ಮಾತ್ರೆ ಬಿಡುವವರು ಇದನ್ನು ಗಮನಿಸಬೇಕು. ಲ್ಯಾಬಿನ ಕಾಗದದಲ್ಲಿ ಮುದ್ರಿತವಾದ ಮಿತಿ ಆರೋಗ್ಯವಂತರದು. ಒಮ್ಮೆ ಲಕ್ವ ಬಂದವರ ಮಿತಿ ಅದಕ್ಕಿಂತ ಕೆಳಗೆ. ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ಲಕ್ವ, ಹೃದಯಾಘಾತ ಬಂದಿದ್ದರೆ ಲಿಪೋಪ್ರೋಟೀನ್-ಎ ಎಂಬ ಪರೀಕ್ಷೆಯನ್ನು ಜೀವಮಾನದಲ್ಲಿ ಒಮ್ಮೆ ಮಾಡಿಸಬಹುದು. ಅದು ವಂಶದಿಂದ ಬರುವಂಥದು, ಹೆಚ್ಚಾಗಿ ಬದಲಾಗದು. ಉರಿಯೂತವನ್ನು ತೋರಿಸುವ ಸಿ.ಆರ್.ಪಿ.ಯೂ ಈ ಬಗೆಯಲ್ಲಿ ಏರಿರಬಹುದು. ಆದರೆ ಜ್ವರ, ಹುಣ್ಣು, ಹಲ್ಲಿನ ಸೋಂಕು ಯಾವುದಿದ್ದರೂ ಅದು ಏರುವುದರಿಂದ ಅದೊಂದನ್ನೇ ನೆಚ್ಚುವಂತಿಲ್ಲ.

ಸಣ್ಣ ನಾಳಗಳ ಲಕ್ವದಲ್ಲಿ ಡಿ-ಡೈಮರ್, ಬಿ.ಎನ್.ಪಿ.ಗಳು ಸಾಮಾನ್ಯವಾಗಿ ಹೆಚ್ಚು ಏರುವುದಿಲ್ಲ. ಇಲ್ಲಿ ನೋಡಬೇಕಾದುದು ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಮತ್ತು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್. ಎಲ್ಲಕ್ಕಿಂತ ದೊಡ್ಡ ಸುಳಿವು ರಕ್ತದೊಳಗೆ ಇಲ್ಲವೇ ಇಲ್ಲ. ಅದಿರುವುದು ರಕ್ತದ ಒತ್ತಡದಲ್ಲಿ. ಬಿ.ಪಿ. ನೋಡಲು ಸೂಜಿ ಬೇಡ, ಲ್ಯಾಬು ಬೇಡ; ತೋಳಿಗೆ ಪಟ್ಟಿ ಕಟ್ಟಿದರೆ ಐದು ನಿಮಿಷದ ಕೆಲಸ. ಜೋಳದ ರೊಟ್ಟಿಯೊಂದಿಗೆ ಉಪ್ಪಿನಕಾಯಿ, ಹಪ್ಪಳ, ಉಪ್ಪು ಬೆರೆತ ಚಟ್ನಿಪುಡಿಯನ್ನು ಮಿತಿಮೀರಿ ತಿನ್ನುವ ಅಭ್ಯಾಸ, ತಂಬಾಕು, ಗುಟ್ಕಾ, ಬೀಡಿ ಇವುಗಳನ್ನು ಬಿಡದೆ ಸಾವಿರಾರು ರೂಪಾಯಿಯ ರಕ್ತ ಪರೀಕ್ಷೆ ಮಾಡಿಸಿದರೆ ಫಲವೇನು?

ಸಸ್ಯಾಹಾರಿಗಳೂ ಬಾಣಂತಿಯರೂ ಅರಿಯಬೇಕಾದುದು

ಇತರ ಕಾರಣಗಳಲ್ಲಿ ಎರಡು ನಮ್ಮ ಮನೆಗಳಿಗೆ ಸಮೀಪದವು. ಮೊದಲನೆಯದು ಹೋಮೋಸಿಸ್ಟೀನ್. ಬಿ12 ಜೀವಸತ್ವದ ಕೊರತೆಯಾದಾಗ ಇದು ರಕ್ತದಲ್ಲಿ ಏರಿ ನಾಳಗಳಿಗೆ ಕೇಡು ಮಾಡುತ್ತದೆ. ಬಿ12 ಸೊಪ್ಪು, ಕಾಳು, ತರಕಾರಿಗಳಲ್ಲಿ ದೊರೆಯದು. ಶುದ್ಧ ಸಸ್ಯಾಹಾರಿಗಳಿಗೆ ಹಾಲು, ಮೊಸರು, ಮಜ್ಜಿಗೆಗಳೇ ಅದರ ಮೂಲ. ಹಾಲನ್ನೆಲ್ಲ ಡೈರಿಗೆ ಹಾಕಿ ಮನೆಯವರು ಕರಿ ಚಹಾ ಕುಡಿಯುವ ಕುಟುಂಬಗಳು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಾನುಗಟ್ಟಲೆ ಸೇವಿಸುತ್ತಿರುವವರು, ಊಟ ಕಡಿಮೆಯಾದ ವೃದ್ಧರು ಬಿ12 ಪ್ರಮಾಣವನ್ನು ನೋಡಿಸುವುದು ಒಳಿತು. ಸಸ್ಯಾಹಾರ ಬಿಡಬೇಕಾಗಿಲ್ಲ, ಕೊರತೆ ಕಂಡರೆ ಮಾತ್ರೆ ಅಥವಾ ಚುಚ್ಚುಮದ್ದಿನಿಂದ ಸರಿಹೋಗುತ್ತದೆ. ಹಾಗೆಂದು ಎಲ್ಲ ಲಕ್ವ ರೋಗಿಗಳಿಗೂ ಈ ಜೀವಸತ್ವಗಳು ರಕ್ಷೆಯಲ್ಲ. ಎಂಟು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ 'ವಿಟಾಟಾಪ್ಸ್' ಅಧ್ಯಯನದಲ್ಲಿ ಬಿ ಜೀವಸತ್ವಗಳಿಂದ ಗಣನೀಯ ಲಾಭ ಕಾಣಲಿಲ್ಲ. ಕೊರತೆ ಇರುವವರಿಗೆ ಅದು ಅವಶ್ಯ ಎಂಬಷ್ಟೇ ನಿಲುವು ಸರಿ.

ಎರಡನೆಯದು ಬಾಣಂತಿಯರಿಗೆ ಸಂಬಂಧಿಸಿದ್ದು. ಮೆದುಳಿನಿಂದ ರಕ್ತವನ್ನು ಹೊರಗೊಯ್ಯುವ ಅಭಿಧಮನಿಗಳಲ್ಲಿ ಹೆಪ್ಪುಗಟ್ಟುವ ಈ ಕಾಯಿಲೆಯು ಮೇಲೆ ಹೇಳಿದ ಧಮನಿಗಳ ಲಕ್ವಕ್ಕಿಂತ ಭಿನ್ನ. ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಸುಲಭವಾಗಿ ಹೆಪ್ಪುಗಟ್ಟುತ್ತದೆ. ಅದರೊಂದಿಗೆ ರಕ್ತಹೀನತೆಯೂ, 'ಬಾಣಂತಿ ಹೆಚ್ಚು ನೀರು ಕುಡಿಯಬಾರದು' ಎಂಬ ಹಳೆಯ ಕಟ್ಟಳೆಯಿಂದ ದೇಹದ ನೀರಿನ ಕೊರತೆಯೂ ಸೇರಿದರೆ ಅಪಾಯ ಬೆಳೆಯುತ್ತದೆ. ಬಾಣಂತಿಗೆ ಎಂದೂ ಇಲ್ಲದ ತೀವ್ರ ತಲೆನೋವು, ವಾಂತಿ, ದೃಷ್ಟಿ ಮಂಜಾಗುವುದು, ಪಿಟ್ಸ್ ಬರುವುದು, ಕೈಕಾಲು ಸೋಲುವುದು ಕಂಡರೆ ಅದನ್ನು 'ಗಾಳಿ ಸೋಂಕು' ಎಂದು ಬಗೆಯದೆ ಆಸ್ಪತ್ರೆಗೆ ಒಯ್ಯಬೇಕು. ಇಲ್ಲಿ ಡಿ-ಡೈಮರ್ ಸುಳಿವು ನೀಡಬಹುದಾದರೂ ಹೆರಿಗೆಯಾದವರಲ್ಲಿ ಅದು ಸಹಜವಾಗಿಯೇ ಏರಿರುವುದರಿಂದ ಸ್ಕ್ಯಾನೇ ನಿರ್ಣಾಯಕ. ಬಾಯಾರಿದಷ್ಟು ನೀರು ಕೊಡುವುದು ತಾಯಿಗೆ ಕ್ಷೇಮ.

ಇಷ್ಟೆಲ್ಲ ಪರೀಕ್ಷಿಸಿದರೂ ಸುಮಾರು ನಾಲ್ಕರಲ್ಲೊಬ್ಬ ರೋಗಿಯಲ್ಲಿ ಕಾರಣ ತಿಳಿಯದೇ ಉಳಿಯುತ್ತದೆ. ಅದು ವೈದ್ಯರ ಅಲಕ್ಷ್ಯವಲ್ಲ. ಅಂಥವರಿಗೂ ಬಿ.ಪಿ., ಸಕ್ಕರೆ, ಕೊಲೆಸ್ಟೆರಾಲ್ ಹತೋಟಿ ಮತ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಮುಂದುವರಿಯಲೇಬೇಕು.

ನಮ್ಮ ಜಿಲ್ಲೆಯಲ್ಲಿ ಮಾಡಬೇಕಾದುದು

ಕೊಪ್ಪಳದಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ. ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. 2022ರಲ್ಲಿ ನಿಮ್ಹಾನ್ಸ್ ಸಹಯೋಗದಲ್ಲಿ ಆರಂಭವಾದ ಕರ್ನಾಟಕದ ಮೆದುಳು ಆರೋಗ್ಯ ಕಾರ್ಯಕ್ರಮವು ಪಾರ್ಶ್ವವಾಯುವನ್ನೂ ತನ್ನ ಗುರಿಗಳಲ್ಲಿ ಸೇರಿಸಿಕೊಂಡಿದೆ. ಆದರೂ ಹನುಮಸಾಗರ, ತಾವರಗೇರಾ, ಬೇವೂರಿನಂತಹ ಊರುಗಳಿಂದ ಜಿಲ್ಲಾ ಕೇಂದ್ರಕ್ಕೆ ಬರುವಷ್ಟರಲ್ಲಿ ನಾಲ್ಕೂವರೆ ಗಂಟೆಗಳಲ್ಲಿ ಒಂದು ಪಾಲು ದಾರಿಯಲ್ಲಿಯೇ ಕಳೆಯುತ್ತದೆ. ಉಳಿದ ಸಮಯವನ್ನು ನಾವು ಕಳೆಯಬಾರದು.

ಪ್ರತಿ ಮನೆಯವರೂ ಇಂದೇ ಒಂದು ಕೆಲಸ ಮಾಡಿಟ್ಟುಕೊಳ್ಳಬೇಕು: ಹಗಲಿರುಳೂ ಸಿ.ಟಿ. ಸ್ಕ್ಯಾನ್ ಮತ್ತು ಹೆಪ್ಪು ಕರಗಿಸುವ ಚಿಕಿತ್ಸೆ ದೊರೆಯುವ ಹತ್ತಿರದ ಆಸ್ಪತ್ರೆ ಯಾವುದೆಂದು ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ವಿಚಾರಿಸಿ ಬರೆದಿಡಬೇಕು. ಲಕ್ಷಣ ಕಂಡ ಕೂಡಲೇ 108ಕ್ಕೆ ಕರೆ ಮಾಡಬೇಕು. ರೋಗಿ ಕೊನೆಯ ಬಾರಿ ಸರಿಯಾಗಿದ್ದುದು ಎಷ್ಟು ಗಂಟೆಗೆ ಎಂಬುದನ್ನು ಗುರುತಿಟ್ಟುಕೊಳ್ಳಬೇಕು. ವೈದ್ಯರು ಕೇಳುವ ಮೊದಲ ಪ್ರಶ್ನೆ ಅದು. ಸೇವಿಸುತ್ತಿರುವ ಮಾತ್ರೆಗಳನ್ನೂ ಹಳೆಯ ವರದಿಗಳನ್ನೂ ಜೊತೆಗೆ ಒಯ್ಯಬೇಕು. ಬಾಯಿಗೆ ನೀರು, ಊಟ, ಎಣ್ಣೆ, ಕಷಾಯ ಯಾವುದನ್ನೂ ಹಾಕಬಾರದು. ನುಂಗುವ ಶಕ್ತಿ ಕುಂದಿರುವುದರಿಂದ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಒಳಗೆ ರಕ್ತಸ್ರಾವವಾಗಿದೆಯೋ ಇಲ್ಲವೋ ತಿಳಿಯದಿರುವಾಗ ಆಸ್ಪಿರಿನ್ ಮಾತ್ರೆಯನ್ನು ಮನೆಯಲ್ಲಿಯೇ ಕೊಡಬಾರದು. ಕೆಲವೇ ನಿಮಿಷಗಳಲ್ಲಿ ಲಕ್ಷಣಗಳು ತಾವಾಗಿ ಮಾಯವಾದರೂ ಆಸ್ಪತ್ರೆಗೆ ಹೋಗಲೇಬೇಕು. ದೊಡ್ಡ ಆಘಾತದ ಮುನ್ಸೂಚನೆ ಅದಾಗಿರಬಹುದು. ಲಕ್ವಕ್ಕೆ ಔಷಧ ಕೊಡುವವರ ಊರನ್ನು ಹುಡುಕಿಕೊಂಡು ಹೋಗುವ ಹೊತ್ತು ಅದಲ್ಲ.

ಮನೆಗೆ ಮರಳಿದ ಮೇಲೆ ಒಂದು ಕಡತವಿರಲಿ. ಅದರಲ್ಲಿ ಆಸ್ಪತ್ರೆಯ ಬಿಡುಗಡೆ ಪತ್ರ, ಸ್ಕ್ಯಾನ್, ಇ.ಸಿ.ಜಿ., ರಕ್ತದ ವರದಿಗಳು ದಿನಾಂಕದ ಕ್ರಮದಲ್ಲಿರಲಿ. ಮುಂದಿನ ಭೇಟಿಯಲ್ಲಿ ವೈದ್ಯರನ್ನು ವಿನಯದಿಂದ ಹೀಗೆ ಕೇಳಬೇಕು: 'ನಮ್ಮವರಿಗೆ ಬಂದದ್ದು ಯಾವ ಬಗೆಯ ಲಕ್ವ? ಹೃದಯದಿಂದಲೋ, ದೊಡ್ಡ ಧಮನಿಯಿಂದಲೋ, ಸಣ್ಣ ನಾಳದಿಂದಲೋ? ಯಾವ ಪರೀಕ್ಷೆಯನ್ನು ಎಷ್ಟು ದಿನಕ್ಕೊಮ್ಮೆ ಮಾಡಿಸಬೇಕು?' ಇಷ್ಟು ಕೇಳಿ ತಿಳಿದುಕೊಂಡ ಕುಟುಂಬಕ್ಕೆ, ಜಾಹೀರಾತು ನೋಡಿ ಇಡೀ ದೇಹದ ತಪಾಸಣೆಗೆ ಹಣ ಸುರಿಯುವ ಅಗತ್ಯ ಬೀಳದು.

ಪ್ರತಿ ಮನೆಯ ಹಿರಿಯರು ತಮ್ಮ ಬಿ.ಪಿ. ಎಷ್ಟೆಂಬುದನ್ನು ಈ ತಿಂಗಳಲ್ಲಿಯೇ ಒಮ್ಮೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ನೋಡಿಸಿಕೊಳ್ಳಲಿ. ಮನೆಯ ಕಿರಿಯರು 108 ಎಂಬ ಸಂಖ್ಯೆಯನ್ನೂ, ಸಿ.ಟಿ. ಇರುವ ಆಸ್ಪತ್ರೆಯ ಹೆಸರನ್ನೂ ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿಡಲಿ.